ಲ್ಯಾಪ್‌ಟಾಪ್ ಪರದೆ 768, ಮಾನಿಟರ್ 4ಕೆ: ಪೂರ್ತಿ ಬರುತ್ತಾ?

ಪ್ರಶ್ನೆ: ಸರ್, ನಮಸ್ಕಾರ. ದಾವಣಗೆರೆಯಲ್ಲಿ ಮನೆಯಿಂದಲೇ ಡಿಟಿಪಿ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಕರಪತ್ರ, ಸಣ್ಣಪುಟ್ಟ ಪುಸ್ತಕ. ಲ್ಯಾಪ್‌ಟಾಪ್ ಹಳೆಯದು. ಇಂಟೆಲ್ ಐ5-8250ಯು, ಪರದೆ 1366×768, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಒಂದು ಎಚ್‌ಡಿಎಂಐ, ಒಂದು ಟೈಪ್-ಸಿ ಇದೆ. 27 ಇಂಚಿನ 4ಕೆ ಮಾನಿಟರ್ ತಗೊಳ್ಳೋಣ ಅಂತ ಹೋದೆ. ಅಂಗಡಿಯವರು "ನಿಮ್ಮ ಲ್ಯಾಪ್‌ಟಾಪೇ 768, ಎಷ್ಟು ದೊಡ್ಡ ಮಾನಿಟರ್ ಹಾಕಿದ್ರೂ ಅಷ್ಟೇ ಕಾಣೋದು" ಅಂದರು. ಹೌದಾ?

ಉತ್ತರ: ಇಲ್ಲ ಮೇಡಂ. 1366×768 ಅನ್ನೋದು ನಿಮ್ಮ ಲ್ಯಾಪ್‌ಟಾಪಿನ ಪ್ಯಾನೆಲ್‌ನ ಅಳತೆ, ಅಷ್ಟೇ. ಹೊರಗಿನ ಮಾನಿಟರ್‌ಗೂ ಅದಕ್ಕೂ ಸಂಬಂಧ ಇಲ್ಲ. ಚಿತ್ರ ತಯಾರಿಸೋದು ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್. ಅದು ಎಷ್ಟು ಕೊಡಬಲ್ಲದು, ಪೋರ್ಟ್ ಎಷ್ಟು ಸಾಗಿಸಬಲ್ಲದು, ಕೇಬಲ್ ತಡೆಯುತ್ತಾ, ಮಾನಿಟರ್ ಎಷ್ಟು ತಗೊಳ್ಳುತ್ತೆ, ಇವಿಷ್ಟೇ ಲೆಕ್ಕ. ಇದರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ.

ನಿಮ್ಮ ವಿಷಯದಲ್ಲಿ ಕಡಿಮೆ ಇರೋದು ಎಚ್‌ಡಿಎಂಐ. 8250ಯು ನೇರವಾಗಿ ಕೊಡೋದು ಎಚ್‌ಡಿಎಂಐ 1.4. ಅದರ ಒಟ್ಟು ಸಾಮರ್ಥ್ಯ ಸೆಕೆಂಡಿಗೆ 10.2 ಗಿಗಾಬಿಟ್, ಅದರಲ್ಲಿ ಚಿತ್ರಕ್ಕೆ ಸಿಗೋದು ಸುಮಾರು 8.16. ಈಗ 4ಕೆ ಲೆಕ್ಕ ಹಾಕಿ. 3840×2160 ಅಂದರೆ ಸುಮಾರು 83 ಲಕ್ಷ ಪಿಕ್ಸೆಲ್. ಒಂದೊಂದಕ್ಕೆ 24 ಬಿಟ್, ಸೆಕೆಂಡಿಗೆ 60 ಸಲ. ಅಲ್ಲಿಗೇ 12 ಗಿಗಾಬಿಟ್ ಹತ್ತಿರ ಆಯ್ತು. ಹಿಡಿಸಲ್ಲ. ಹಾಗಾಗಿ ಅದು 4ಕೆ ಕೊಡುತ್ತೆ, ಆದರೆ 30 ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ 30 ಸಲ ಮಾತ್ರ. ಅದೇ 2560×1440 ಆದರೆ 60 ಹರ್ಟ್ಜ್‌ಗೂ 5.3 ಗಿಗಾಬಿಟ್ ಸಾಕು, ಆರಾಮಾಗಿ ಹೋಗುತ್ತೆ.

ಒಂದು ವಿನಾಯಿತಿ ಇದೆ. ಕೆಲವು ಕಂಪನಿಗಳು ಬೋರ್ಡ್ ಮೇಲೆ ಬೇರೆ ಚಿಪ್ ಕೂರಿಸಿ ಅದೇ ಪ್ರೊಸೆಸರ್‌ನಿಂದ ಎಚ್‌ಡಿಎಂಐ 2.0 ತೆಗೆದಿರುತ್ತವೆ. ಅದರಲ್ಲಿ 4ಕೆ 60 ಬರುತ್ತೆ. ನಿಮ್ಮ ಮಾಡೆಲ್ ನಂಬರ್ ಹಾಕಿ ಕಂಪನಿಯ ಸ್ಪೆಸಿಫಿಕೇಶನ್ ಪುಟ ನೋಡಿ. ಪೋರ್ಟ್ ನೋಡಿ ಹೇಳಕ್ಕಾಗಲ್ಲ, ಎರಡೂ ಒಂದೇ ಥರ ಇರುತ್ತವೆ.

ಪ್ರಶ್ನೆ: ಆದರೆ ಸರ್, ತಮ್ಮನ ಫುಲ್ ಎಚ್‌ಡಿ ಮಾನಿಟರ್‌ಗೆ ಹಾಕಿ ನೋಡಿದ್ದೆ. ನಿಜವಾಗಲೂ 1366×768 ಅಂತಲೇ ತೋರಿಸ್ತು. ಅಕ್ಷರ ಎಲ್ಲ ಮಬ್ಬು.

ಉತ್ತರ: ಅದು ಡುಪ್ಲಿಕೇಟ್ ಮೋಡ್‌ನಲ್ಲಿ ಇತ್ತು ಅನಿಸುತ್ತೆ. ಎರಡೂ ಪರದೆಯಲ್ಲಿ ಒಂದೇ ಚಿತ್ರ ಬೇಕು ಅಂದಾಗ ವಿಂಡೋಸ್ ಎರಡಕ್ಕೂ ಹೊಂದುವ ಅಳತೆ ಹುಡುಕುತ್ತೆ. ಆಗ ಚಿಕ್ಕ ಪರದೆಯ ಅಳತೆಯೇ ದೊಡ್ಡದಕ್ಕೂ ಬರುತ್ತೆ. ಅಂಗಡಿಯವರು ಕಂಡಿದ್ದೂ ಬಹುಶಃ ಇದನ್ನೇ. ವಿಂಡೋಸ್ ಕೀ ಹಿಡಿದು ಪಿ ಒತ್ತಿ, ಎಕ್ಸ್‌ಟೆಂಡ್ ಅಥವಾ ಸೆಕೆಂಡ್ ಸ್ಕ್ರೀನ್ ಓನ್ಲಿ ಆರಿಸಿ. ಆಮೇಲೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಆ ಮಾನಿಟರ್ ಮೇಲೆ ಕ್ಲಿಕ್ ಮಾಡಿ, 'ರೆಕಮೆಂಡೆಡ್' ಅಂತ ಇರೋ ರೆಸಲ್ಯೂಶನ್ ಕೊಡಿ.

ಅಲ್ಲೇ ಕೆಳಗೆ ಅಡ್ವಾನ್ಸ್ಡ್ ಡಿಸ್‌ಪ್ಲೇ ಅಂತ ಇದೆ. ಡೆಸ್ಕ್‌ಟಾಪ್ ರೆಸಲ್ಯೂಶನ್, ಕೇಬಲ್‌ನಲ್ಲಿ ನಿಜಕ್ಕೂ ಹೋಗ್ತಿರೋ ಸಿಗ್ನಲ್, ರಿಫ್ರೆಶ್ ರೇಟ್, ಮೂರನ್ನೂ ಬೇರೆ ಬೇರೆಯಾಗಿ ತೋರಿಸುತ್ತೆ. ಯಾರೋ ಹೇಳಿದ್ದಕ್ಕಿಂತ ಇದನ್ನು ನಂಬಿ.

ಇನ್ನೊಬ್ಬ ಸದಸ್ಯರು: 30 ಹರ್ಟ್ಜ್ ಆದರೆ ಏನು ತೊಂದರೆ ಸರ್? ಸಿನಿಮಾ 24 ಫ್ರೇಮ್‌ನಲ್ಲೇ ಇರುತ್ತೆ ಅಲ್ವಾ?

ಉತ್ತರ: ಸಿನಿಮಾ ನೋಡೋಕೆ ತೊಂದರೆ ಇಲ್ಲ. ಕೆಲಸ ಮಾಡೋಕೆ ಕಿರಿಕಿರಿ. ಮೌಸ್ ಕೈ ಹಿಂದೆ ಎಳೆದುಕೊಂಡು ಬಂದ ಹಾಗೆ ಆಗುತ್ತೆ, ಪುಟ ಸ್ಕ್ರೋಲ್ ಮಾಡಿದರೆ ಜರ್ಕ್. ದಿನವಿಡೀ ಕೂತು ಅಕ್ಷರ ಸರಿಸುವವರಿಗೆ ನಾನಂತೂ ಇದನ್ನು ಹೇಳಲ್ಲ.

ಮೇಡಂ, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎಚ್‌ಡಿಎಂಐ 1.4 ಮಾತ್ರ ಇದ್ದು, ಟೈಪ್-ಸಿಯಲ್ಲೂ ಚಿತ್ರ ಬರಲ್ಲ ಅಂತಾದರೆ, 27 ಇಂಚಿನ 2560×1440 ಮಾನಿಟರ್ ತಗೊಳ್ಳಿ. ಅದರಲ್ಲಿ ಇಂಚಿಗೆ ಸುಮಾರು 109 ಪಿಕ್ಸೆಲ್ ಬರುತ್ತೆ. 27 ಇಂಚಿಗೇ ಫುಲ್ ಎಚ್‌ಡಿ ಬೇಡ, 82ಕ್ಕೆ ಇಳಿಯುತ್ತೆ. ಇಂಗ್ಲಿಷ್‌ಗೆ ಹೇಗೋ ನಡೆಯುತ್ತೆ. ಕನ್ನಡದಲ್ಲಿ ಸಣ್ಣ ಸೈಜಿನ ಒತ್ತಕ್ಷರ ಮೆತ್ತಿಕೊಂಡ ಹಾಗೆ ಕಾಣುತ್ತೆ, ಪ್ರೂಫ್ ನೋಡುವಾಗ 'ಷ್ಟ' ಯಾವುದು 'ಷ್ಠ' ಯಾವುದು ಅಂತ ಜೂಮ್ ಮಾಡುತ್ತಲೇ ಇರಬೇಕು.

ಪ್ರಶ್ನೆ: ಟೈಪ್-ಸಿಯಲ್ಲಿ ಚಿತ್ರ ಬರುತ್ತಾ ಅಂತ ಹೇಗೆ ಗೊತ್ತಾಗುತ್ತೆ?

ಉತ್ತರ: ಪೋರ್ಟ್ ಪಕ್ಕದಲ್ಲಿ ಡಿ ಅಕ್ಷರದೊಳಗೆ ಪಿ ಇರುವ ಡಿಸ್‌ಪ್ಲೇಪೋರ್ಟ್ (ಎಚ್‌ಡಿಎಂಐ ಥರವೇ ಚಿತ್ರ ಸಾಗಿಸುವ ಇನ್ನೊಂದು ವಿಧಾನ) ಗುರುತು, ಇಲ್ಲವೇ ಥಂಡರ್‌ಬೋಲ್ಟ್‌ನ ಮಿಂಚಿನ ಗುರುತು ಇದ್ದರೆ ಬರುತ್ತೆ. ಗುರುತು ಇಲ್ಲ ಅಂದರೂ ಕೆಲವದರಲ್ಲಿ ಬರುತ್ತೆ, ಸ್ಪೆಸಿಫಿಕೇಶನ್‌ನಲ್ಲಿ 'ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್' ಅಂತ ಇದೆಯಾ ನೋಡಿ. ಆ ಕಾಲದ ಕಡಿಮೆ ಬೆಲೆಯ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಟೈಪ್-ಸಿ ಬರೀ ಡೇಟಾಗೆ. ಅಂಥದ್ದಕ್ಕೆ ಟೈಪ್-ಸಿ ಟು ಎಚ್‌ಡಿಎಂಐ ಅಡಾಪ್ಟರ್ ತಂದರೆ ದುಡ್ಡು ದಂಡ.

ಇದ್ದರೆ ಮಾತ್ರ ನಿಮ್ಮ ಮೊದಲ ಆಸೆಯೇ ಈಡೇರುತ್ತೆ. 8250ಯು ಡಿಸ್‌ಪ್ಲೇಪೋರ್ಟ್ ಮೂಲಕ 4ಕೆ 60 ಕೊಡುತ್ತೆ. ಟೈಪ್-ಸಿ ಟು ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿ, ಮುಗೀತು. ನಾಲ್ಕೈದು ಪೋರ್ಟ್ ಇರುವ ಹಬ್ ತಗೊಳ್ಳೋದಾದರೆ ಹುಷಾರು. ಎಷ್ಟೋ ಹಬ್‌ಗಳು ಟೈಪ್-ಸಿಯ ಅರ್ಧ ದಾರಿಯನ್ನು ಯುಎಸ್‌ಬಿಗೆ ಬಿಟ್ಟುಕೊಡುತ್ತವೆ, 4ಕೆ ಮತ್ತೆ 30ಕ್ಕೇ ಬಂದು ನಿಲ್ಲುತ್ತೆ. ಡಬ್ಬಿ ಮೇಲೆ '4ಕೆ 60 ಹರ್ಟ್ಜ್' ಅಂತ ಸ್ಪಷ್ಟವಾಗಿ ಇರಬೇಕು. ಬರೀ '4ಕೆ' ಅಂತ ಇದ್ದರೆ 30 ಅಂತಲೇ ತಿಳ್ಕೊಳ್ಳಿ.

ಮತ್ತೊಬ್ಬ ಸದಸ್ಯರು: ನನ್ನದು ಇನ್ನೂ ಹಳೆಯದು ಸರ್, ಐ3 ಮೂರನೇ ಜನರೇಶನ್. ಆಸೆ ಇಟ್ಕೋಬಹುದಾ?

ಉತ್ತರ: ಅದರ ಎಚ್‌ಡಿಎಂಐ 1920×1200 ಮಟ್ಟದ್ದು. ಒಳ್ಳೆ 24 ಇಂಚಿನ ಫುಲ್ ಎಚ್‌ಡಿ ಮಾನಿಟರ್ ಹಾಕಿಕೊಳ್ಳಿ, ಚೆನ್ನಾಗಿ ಓಡುತ್ತೆ. ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದಲಿಗೆ ಹಾಕುವ ವೇಗದ ಡಿಸ್ಕ್) ಇಲ್ಲದಿದ್ದರೆ ಮೊದಲು ಅದಕ್ಕೆ ದುಡ್ಡು ಹಾಕಿ.

ಪ್ರಶ್ನೆ: ಸರ್, ಸ್ಪೆಸಿಫಿಕೇಶನ್ ನೋಡಿದೆ. ಎಚ್‌ಡಿಎಂಐ 1.4, ಟೈಪ್-ಸಿ ಡೇಟಾ ಮಾತ್ರ. 1440 ಮಾನಿಟರ್‌ಗೇ ಹೋಗ್ತೀನಿ. ಮನೆಯಲ್ಲಿ ಟಿವಿ ಸೆಟ್‌ಟಾಪ್ ಬಾಕ್ಸ್ ಜೊತೆ ಬಂದ ಎಚ್‌ಡಿಎಂಐ ಕೇಬಲ್ ಇದೆ, ಸಾಕಾ? ಅಥವಾ ದುಬಾರಿದು ತರಬೇಕಾ?

ಉತ್ತರ: ಮೊದಲು ಅದನ್ನೇ ಹಾಕಿ ನೋಡಿ. 1440ಕ್ಕೆ 'ಹೈ ಸ್ಪೀಡ್' ದರ್ಜೆಯ ಸಾಧಾರಣ ಕೇಬಲ್ ಸಾಕು. ನಡುನಡುವೆ ಪರದೆ ಕಪ್ಪಾಗೋದು, ಚುಕ್ಕೆ ಮಿನುಗೋದು ಆದರೆ ಬದಲಾಯಿಸಿ. 48 ಗಿಗಾಬಿಟ್‌ನ 'ಅಲ್ಟ್ರಾ ಹೈ ಸ್ಪೀಡ್' ಕೇಬಲ್ ಕೊಳ್ಳಿ ಅಂತ ಅಂಗಡಿಯಲ್ಲಿ ಒತ್ತಾಯ ಮಾಡಿದರೆ ಬೇಡ ಅನ್ನಿ, ನಿಮ್ಮ ಪೋರ್ಟ್‌ಗೆ ಅದರಿಂದ ಏನೂ ಜಾಸ್ತಿ ಬರಲ್ಲ. ಮಾನಿಟರ್ ಬಂದ ಮೇಲೆ 1440 ಆಯ್ಕೆ ಪಟ್ಟಿಯಲ್ಲೇ ಕಾಣದಿದ್ದರೆ ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿ, ಆಮೇಲೂ ಬರದಿದ್ದರೆ ಸೆಟ್ಟಿಂಗ್ಸ್‌ನ ಫೋಟೊ ಇಲ್ಲೇ ಹಾಕಿ.