ಸಹಾಯ ಬೇಕು: ಹೊಸ ಸ್ಪೀಕರ್‌ನಲ್ಲಿ ಎಲ್ಲ ಕೇಳಿಸುತ್ತದೆ, ಹಾಡು ಮಾತ್ರ ಮನಸ್ಸಿಗೆ ಮುಟ್ಟುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಹೆಚ್ಚಾಗಿ ಕೇಳುವುದು ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್ ಅವರ ಹಳೆಯ ರೆಕಾರ್ಡಿಂಗ್‌ಗಳನ್ನು. ಇತ್ತೀಚೆಗೆ ಹೊಸ ಬುಕ್‌ಶೆಲ್ಫ್ ಸ್ಪೀಕರ್ (ಸ್ಟ್ಯಾಂಡ್ ಅಥವಾ ಕಪಾಟಿನ ಮೇಲೆ ಇಡುವ ಚಿಕ್ಕ ಜೋಡಿ) ತಂದೆ. ತಂಬೂರಿಯ ಒಂದೊಂದು ತಂತಿ, ತಬಲಾ ಮೇಲೆ ಬೆರಳಿನ ಸದ್ದು, ಗಾಯಕರು ಉಸಿರು ಎಳೆದುಕೊಳ್ಳುವುದು, ಹಳೇ ಟೇಪಿನ ಸುಯ್ ಸದ್ದು ಕೂಡ ಬಿಡಿಬಿಡಿಯಾಗಿ ಕೇಳಿಸುತ್ತದೆ. ಆದರೆ ಸ್ವಲ್ಪ ಹೊತ್ತಿಗೇ ಕಿವಿ ದಣಿಯುತ್ತದೆ, ಮನಸ್ಸು ರಾಗದಲ್ಲಿ ನಿಲ್ಲುವುದೇ ಇಲ್ಲ. ಹಳೇ ಸ್ಪೀಕರ್‌ನಲ್ಲಿ ಇಷ್ಟೆಲ್ಲ ಕೇಳಿಸುತ್ತಿರಲಿಲ್ಲ, ಆದರೂ ವಿಲಂಬಿತ್ (ನಿಧಾನ ಲಯದ ಭಾಗ) ಶುರುವಾದರೆ ಎದ್ದು ಹೋಗಲು ಆಗುತ್ತಿರಲಿಲ್ಲ.

ಸ್ಪೀಕರ್‌ಗಳನ್ನು ಗೋಡೆಯಿಂದ 2 ಅಡಿ ಮುಂದೆ ತಂದೆ, ನೇರ ಕಿವಿಗೆ ಹೊಡೆಯದ ಹಾಗೆ ಸ್ವಲ್ಪ ಹೊರಗೆ ತಿರುಗಿಸಿದೆ, ಟೈಲ್ಸ್ ನೆಲಕ್ಕೆ ದಪ್ಪ ಜಮಖಾನ ಹಾಸಿದೆ. ತುಸು ಪರವಾಗಿಲ್ಲ ಅನ್ನಿಸಿತು. ಈಕ್ವಲೈಜರ್‌ನಲ್ಲಿ (ಬೇರೆ ಬೇರೆ ಸ್ವರಮಟ್ಟದ ಸದ್ದನ್ನು ಏರಿಸಿ ಇಳಿಸುವ ಸೆಟ್ಟಿಂಗ್) 3 ಕಿಲೋಹರ್ಟ್ಸ್ ಸುತ್ತ, ಅಂದ್ರೆ ನಮ್ಮ ಕಿವಿ ತುಂಬಾ ಸೂಕ್ಷ್ಮವಾಗಿರುವ ಕಡೆ, 2 ಡೆಸಿಬಲ್ ಇಳಿಸಿದರೆ ದಣಿವು ಕಡಿಮೆಯಾಗುತ್ತದೆ, ಆದರೆ ಗಾಯಕರು ಎದುರಿಗೆ ಕೂತು ಹಾಡಿದ ಹಾಗಿರುವುದೂ ಹೋಗುತ್ತದೆ. ಹೊಸ, ಹಳೇ ಎರಡೂ ಜೋಡಿಗಳನ್ನು ಒಂದೇ ವಾಲ್ಯೂಮಿಗೆ ಹೊಂದಿಸಿ ಹೋಲಿಸಿದೆ (ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸಿಬಿಡುತ್ತೆ ಅಲ್ವಾ). ಆಗಲೂ ಹಳೆಯದೇ ಹಿಡಿದು ಕೂರಿಸಿತು. ಅಂಗಡಿಯವರು ಆಂಪ್ಲಿಫೈಯರ್ ಬದಲಿಸಿ ಅನ್ನುತ್ತಾರೆ. ಸುಮ್ನೆ ದುಡ್ಡು ಸುರಿಯಲು ನನಗೆ ಮನಸ್ಸಿಲ್ಲ.

ನನಗೆ ಗೊತ್ತಾಗದೇ ಇರುವುದು ಇಷ್ಟೇ. ಈ ಸ್ಪೀಕರ್‌ನಲ್ಲೇ ಟ್ರೆಬಲ್ (ತೀಕ್ಷ್ಣ, ಎತ್ತರದ ಸದ್ದು) ಜಾಸ್ತಿಯಾ, ಅಥವಾ ಖಾಲಿ ಗೋಡೆಗಳಿಂದ ಸದ್ದು ವಾಪಸ್ ಬಂದು ಹೀಗಾಗುತ್ತಿದೆಯಾ? ಇದನ್ನು ಮನೆಯಲ್ಲೇ ಬೇರ್ಪಡಿಸಿ ತಿಳಿಯುವುದು ಹೇಗೆ? ಹಳೇ ಮೋನೋ (ಎಡ-ಬಲ ಬೇರೆ ಮಾಡದೆ ಒಂದೇ ಚಾನೆಲ್‌ನಲ್ಲಿ ರೆಕಾರ್ಡ್ ಆದ) ಗಾಯನ ಕೇಳುವವರು ದಯವಿಟ್ಟು ಹೇಳಿ, ಮೊದಲು ಪರದೆ ಹಾಕಿ ಕೋಣೆ ಸರಿಮಾಡಲಾ, ಇಲ್ಲಾ ಈ ಜೋಡಿ ಮಾರಿಬಿಡಲಾ?