ಸಹಾಯ ಬೇಕು: ಓದಿನ ನಡುವೆ ವ್ಯಾಯಾಮಕ್ಕೆ ಯಾವ ಹೊತ್ತು ಸೂಕ್ತ?

ಗುಂಪಿನ ಹಿರಿಯರಿಗೂ ಸ್ನೇಹಿತರಿಗೂ ನಮಸ್ಕಾರ. ನಾನು ಬೆಂಗಳೂರಿನ ವಿಜಯನಗರದಲ್ಲಿ ಕೊಠಡಿ ಹಿಡಿದು ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ಮಧ್ಯಾಹ್ನದ ಊಟವಾದ ಮೇಲೆ ಪುಟ ತಿರುಗುತ್ತದೆಯೇ ಹೊರತು ಓದಿದ್ದು ತಲೆಗೆ ಹತ್ತುವುದಿಲ್ಲ. ಪರೀಕ್ಷೆಯ ಚಿಂತೆಯಿಂದ ರಾತ್ರಿ ನಿದ್ರೆಯೂ ಸರಿಯಾಗಿ ಬರುತ್ತಿಲ್ಲ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ತೀವ್ರತೆಯ ದೈಹಿಕ ಚಟುವಟಿಕೆಯಲ್ಲಿ ತೊಡಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ಹೇಳಿರುವುದನ್ನೂ, ಅಂತಹ ಚಟುವಟಿಕೆಯಿಂದ ಆತಂಕ ತಗ್ಗಿ ನಿದ್ರೆ ಸುಧಾರಿಸುತ್ತದೆ ಎಂಬುದನ್ನೂ ಓದಿ, ಬೆಳಿಗ್ಗೆ ಹತ್ತಿರದ ಉದ್ಯಾನದಲ್ಲಿ ಬಿರುಸಾಗಿ ನಡೆಯಲು ಆರಂಭಿಸಿದ್ದೇನೆ. ಮನಸ್ಸು ಹಗುರವಾಗಿರುವುದು ನಿಜ, ಆದರೆ ಆ ಲವಲವಿಕೆ ಮಧ್ಯಾಹ್ನದವರೆಗೆ ಉಳಿಯುತ್ತಿಲ್ಲ.

ಈ ನಡಿಗೆಯನ್ನು ಎರಡು ಪಾಲು ಮಾಡಿ ಒಂದನ್ನು ಸಂಜೆ ಓದಲು ಕೂರುವ ಮುನ್ನ ಇಟ್ಟುಕೊಳ್ಳುವುದು ಮೇಲೋ, ಅಥವಾ ಗಂಟೆಗೊಮ್ಮೆ ಎದ್ದು ಕೊಠಡಿಯಲ್ಲೇ ಕೆಲವು ಸೂರ್ಯನಮಸ್ಕಾರ ಮಾಡುವುದು ಮೇಲೋ? ತುಂಬಿದ ಹೊಟ್ಟೆಯಲ್ಲಿ ಸೂರ್ಯನಮಸ್ಕಾರ ಸಲ್ಲದಾದ್ದರಿಂದ, ಊಟದ ನಂತರದ ಮಂಪರಿಗೆ ಏನು ಮಾಡಬಹುದೆಂಬುದೇ ನನಗೆ ಮುಖ್ಯವಾದ ಪ್ರಶ್ನೆ. (ಜಿಮ್‌ನ ಸಲಹೆ ದಯವಿಟ್ಟು ಬೇಡ, ಸದ್ಯ ಮೆಸ್ಸಿನ ಬಿಲ್ಲೇ ಭಾರವಾಗಿದೆ.) ಗುಂಪಿನಲ್ಲಿರುವ ಯೋಗ ಶಿಕ್ಷಕರು, ದೈಹಿಕ ಶಿಕ್ಷಣ ಬೋಧಕರು ಹಾಗೂ ಇದೇ ಪರೀಕ್ಷೆಯನ್ನು ಎದುರಿಸಿದವರು ತಮ್ಮ ದಿನಚರಿಯನ್ನು ವೇಳೆಯ ಸಮೇತ ತಿಳಿಸಬೇಕೆಂದು ಕೋರುತ್ತೇನೆ.