ಪದಚರ್ಚೆ: ಮೆನುವಿನಲ್ಲಿ "ಕರೆಂಟ್ ಪೇಜ್"ಗೆ ಏನನ್ನೋಣ? (ತುರ್ತು)

ಗೆಳೆಯರೇ, ಒಂದು ಗ್ರಂಥಾಲಯದ ಜಾಲತಾಣದ ಕನ್ನಡ ಪಠ್ಯ ಇವತ್ತು ಸಂಜೆಯೊಳಗೆ ಹೋಗಬೇಕು. ಮೆನು ಒಂದೇ ಕಡತದಲ್ಲಿದೆ, ಎಲ್ಲ ಪುಟಗಳಿಗೂ ಅದೇ ಬರುತ್ತದೆ. ಓದುಗರು ಇರುವ ಪುಟದ ಕೊಂಡಿ ಬಣ್ಣದಿಂದ ಎದ್ದುಕಾಣುತ್ತದೆ. ತೆರೆ ಕಾಣದವರಿಗಾಗಿ, ಸ್ಕ್ರೀನ್ ರೀಡರ್ (ತೆರೆಯ ಪಠ್ಯವನ್ನು ಓದಿ ಹೇಳುವ ತಂತ್ರಾಂಶ) ಮಾತ್ರ ಓದುವ ಒಂದು ಪದ ಅಡಗಿಸಿಡಬೇಕು. ಕರಡಿನಲ್ಲಿ "ಪ್ರಸ್ತುತ ಪುಟ" ಇದೆ. ಡೆವಲಪರ್ "ಸಕ್ರಿಯ ಪುಟ" ಅನ್ನುತ್ತಿದ್ದಾರೆ. ಯಾವುದು ಸರಿ?

*

ಸಕ್ರಿಯ ಬೇಡವೇ ಬೇಡ. ಕೊಂಡಿಗೆ ಬಣ್ಣ ಕೊಡಲು ಕೋಡಿನಲ್ಲಿ ಇಡುವ 'ಆಕ್ಟಿವ್' ಅನ್ನೋ ಕ್ಲಾಸಿನ ಹೆಸರನ್ನು ಹಾಗೇ ಎತ್ತಿಟ್ಟಿದ್ದಾರೆ. ಉಳಿದ ಪುಟಗಳೇನು ಸತ್ತಿವೆಯೇ? ಪ್ರಸ್ತುತವೂ ಅಷ್ಟಕ್ಕಷ್ಟೇ. ಅದರ ಬುಡ 'ಸ್ತು', ಹೊಗಳು. ಕನ್ನಡದಲ್ಲಿ ಎದುರುಪದ ಅಪ್ರಸ್ತುತ. ಮೆನುವಿನ ಮಿಕ್ಕ ಕೊಂಡಿಗಳೆಲ್ಲ ಅಪ್ರಸ್ತುತ ಅಂದಹಾಗಾಯಿತು. "ಚಾಲ್ತಿ ಪುಟ" ಹಾಕಿ, ಮುಗಿಸಿ.

*

ಚಾಲ್ತಿ ಬಂದದ್ದು 'ಚಲ್' ಕಡೆಯಿಂದ. ಚಾಲ್ತಿ ಖಾತೆ ಬ್ಯಾಂಕಿನವರಿಗೇ ಇರಲಿ. 'ಪುಟ' ಕೂಡ ಸಂಸ್ಕೃತವೇ. "ಈಗಿನ ಹಾಳೆ" ಅನ್ನಲು ಏನು ಕಷ್ಟ?

*

ಹಾಳೆಗೆ ಎರಡು ಮಗ್ಗುಲು ಸ್ವಾಮಿ, ಒಂದೊಂದು ಮಗ್ಗುಲೂ ಒಂದು ಪುಟ. 'ಈಗಿನ' ಅಂದರೆ ಹೊತ್ತು. ಇಲ್ಲಿ ಹೇಳಬೇಕಾದ್ದು ಜಾಗ.

ಕೇಳಿದವರಿಗೆ: ಪದ ಅಡಗಿಸುವುದೇ ಬೇಡ. ಆ ಕೊಂಡಿಗೆ 'ಏರಿಯಾ-ಕರೆಂಟ್' (aria-current: ಓದುಗರು ಇರುವ ಪುಟ ಇದೇ ಎಂದು ಸ್ಕ್ರೀನ್ ರೀಡರಿಗೆ ತಿಳಿಸುವ ಗುರುತು) ಗುಣಲಕ್ಷಣ ಹಾಕಿ, ಅದರ ಮೌಲ್ಯ 'ಪೇಜ್' (page). ಹಾಕಬೇಕಾದ್ದು ಕೊಂಡಿಯ 'ಎ' ಟ್ಯಾಗಿಗೆ, ಹೊರಗಿನ ಪಟ್ಟಿಯ 'ಎಲ್‌ಐ'ಗಲ್ಲ. ಸ್ಕ್ರೀನ್ ರೀಡರ್ ತನ್ನ ಮಾತಿನಲ್ಲೇ ಅದನ್ನು ಹೇಳುತ್ತದೆ. ಎರಡನ್ನೂ ಇಟ್ಟರೆ ಒಂದೇ ಸಂಗತಿ ಎರಡು ಸಲ ಕೇಳಿಸುತ್ತದೆ. ಪುಟದ ಬಣ್ಣ-ರೂಪ ಹೇಳುವ ಸಿಎಸ್ಎಸ್‌ಗೂ ಅದೇ ಗುಣಲಕ್ಷಣವನ್ನು ಆಯ್ಕೆಗಾರವಾಗಿ (ಸೆಲೆಕ್ಟರ್) ಬಳಸಿ, ಬೇರೆ ಕ್ಲಾಸ್ ಬೇಕಿಲ್ಲ.

ಮೆನು ಹಂಚಿಕೆಯದಾದ್ದರಿಂದ ಕೊಂಡಿಯ ವಿಳಾಸವನ್ನು ಪುಟದ ವಿಳಾಸದೊಂದಿಗೆ ಹೋಲಿಸುತ್ತೀರಿ. "ಇದರಿಂದ ಶುರುವಾಗುತ್ತದೆಯೇ" ಎಂದು ಹೋಲಿಸಿದರೆ ಮುಖಪುಟದ ವಿಳಾಸವಾದ ಬರೀ ಓರೆಗೆರೆ (/) ಎಲ್ಲದಕ್ಕೂ ಹೊಂದಿ, ಮುಖಪುಟ ಸದಾ ಹೊಳೆಯುತ್ತಿರುತ್ತದೆ; ಅದಕ್ಕೆ ಪೂರ್ತಿ ಸರಿಸಮ ಬೇಕು. ವಿಳಾಸದಲ್ಲಿ ಕನ್ನಡ ಅಕ್ಷರವಿದ್ದರೆ ಬ್ರೌಸರ್ ಅದನ್ನು ಶೇಕಡಾ ಚಿಹ್ನೆಯ (%) ಸಂಕೇತವಾಗಿ ಕೊಡುತ್ತದೆ. ಕಡತದಲ್ಲಿ ಬರೆದ 'ಪುಸ್ತಕಗಳು' ಅದಕ್ಕೆ ಹೊಂದುವುದಿಲ್ಲ, ಯಾವ ಕೊಂಡಿಯೂ ಎದ್ದುಕಾಣುವುದಿಲ್ಲ. ಎರಡನ್ನೂ ಡಿಕೋಡ್ ಮಾಡಿ (ಸಂಕೇತ ಬಿಡಿಸಿ ಅಕ್ಷರಕ್ಕೆ ತಂದು), ಕೊನೆಯ ಓರೆಗೆರೆ ಕಿತ್ತು, ಆಮೇಲೆ ಹೋಲಿಸಿ.

ಬಣ್ಣ ಒಂದೇ ಸಾಲದು. ದಪ್ಪಕ್ಷರವೂ ಬೇಡ: ಫಾಂಟಿನಲ್ಲಿ ಬೋಲ್ಡ್ ಇಲ್ಲದಿದ್ದರೆ ಬ್ರೌಸರ್ ತಾನೇ ದಪ್ಪ ಮಾಡಿ ಒತ್ತಕ್ಷರ ಮೆತ್ತಿಕೊಳ್ಳುತ್ತದೆ, ಮೆನುವಿನ ಅಗಲವೂ ಜರುಗುತ್ತದೆ. ಅಡಿಗೆರೆ ಒತ್ತಿನ ಬಳಿ ತುಂಡಾಗುತ್ತದೆ, ಇಲ್ಲವೇ ಅದರ ಮೇಲೇ ಹಾಯುತ್ತದೆ. ಕೆಳಗೆ ಪ್ಯಾಡಿಂಗ್ (ಖಾಲಿ ಜಾಗ) ಬಿಟ್ಟು 3 ಪಿಕ್ಸೆಲ್ ಬಾರ್ಡರ್ ಕೊಡಿ. ಉಳಿದ ಕೊಂಡಿಗಳಿಗೂ ಅಷ್ಟೇ ದಪ್ಪದ ಪಾರದರ್ಶಕ ಬಾರ್ಡರ್ ಇರಲಿ, ಇಲ್ಲವಾದರೆ ಸಾಲು ಕುಣಿಯುತ್ತದೆ.

*

ಸ್ಕ್ರೀನ್ ರೀಡರ್ ಇಂಗ್ಲಿಷಿನಲ್ಲಿದ್ದರೆ ಕನ್ನಡ ಮೆನುವಿನ ನಡುವೆ "ಕರೆಂಟ್ ಪೇಜ್" ಅಂತಲೇ ಕೇಳಬೇಕಲ್ಲ! ಅದು ಎರವಲಲ್ಲವೋ?

*

ಅದು ಬಳಸುವವರು ಆರಿಸಿಕೊಂಡ ಭಾಷೆ. ನಿಮ್ಮ ಅಚ್ಚಗನ್ನಡಕ್ಕಾಗಿ ಅವರ ಸೆಟ್ಟಿಂಗ್ ಬದಲಿಸಲಾಗದು.

*

ಏರಿಯಾ-ಕರೆಂಟ್ ಹಾಕಿಸುತ್ತೇನೆ, ವಂದನೆ. ಸಹಾಯ ಪುಟದ ವಾಕ್ಯಕ್ಕೆ ಮಾತ್ರ ಒಂದು ಪದ ಬೇಕು: "ನೀವಿರುವ ಪುಟದ ಕೆಳಗೆ ಗೆರೆ ಕಾಣುತ್ತದೆ" ಅಂತ ಬರೆದಿದ್ದೇನೆ.

*

"ನೀವಿರುವ ಪುಟ" ಸರಿ. ಕಳಿಸಿಬಿಡಿ.

*

'ಮೆನು' ಮಾತ್ರ ಹಾಗೇ ಉಳಿಯಿತು. ಅದಕ್ಕೆ ಯಾರೂ ತಕರಾರು ಎತ್ತಲಿಲ್ಲ!

*

'ತಕರಾರು' ಯಾವ ಭಾಷೆಯದು ಸ್ವಾಮಿ?